ರಾಜಾಜಿಯನ್ನು ಅರ್ಧ ಓದಿದವರಿಗೆ

ನಾನಿರುವ ಶೋಳಿಂಗನಲ್ಲೂರ್‌ನ ಐಟಿ ಗೆಳೆಯರಿಗೆ ರಾಜಾಜಿ ಎಂದರೆ ಲೈಸೆನ್ಸ್-ಪರ್ಮಿಟ್ ರಾಜ್ಯಕ್ಕೆ ಎದೆಯೊಡ್ಡಿದ ಧೀರ. ಸುಳ್ಳಲ್ಲ. 1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿ ಆಹಾರಧಾನ್ಯದ ನಿಯಂತ್ರಣ ತೆಗೆದರು. 1959ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ನೆಹರೂ ಅವರ ಆರ್ಥಿಕ ನೀತಿಯ ವಿರುದ್ಧ ಸ್ವತಂತ್ರ ಪಕ್ಷ ಕಟ್ಟಿದರು. 1967ರಲ್ಲಿ ಆ ಪಕ್ಷ ಲೋಕಸಭೆಯಲ್ಲಿ 44 ಸ್ಥಾನ ಗೆದ್ದಿತು.

ಇನ್ನರ್ಧವನ್ನೂ ಓದಿ. 1938ರಲ್ಲಿ ಮದ್ರಾಸ್ ಪ್ರಾಂತ್ಯದ ಚುಕ್ಕಾಣಿ ಹಿಡಿದಿದ್ದ ಇದೇ ರಾಜಾಜಿ ಶಾಲೆಗಳಲ್ಲಿ ಹಿಂದೂಸ್ತಾನಿಯನ್ನು ಕಡ್ಡಾಯ ಮಾಡಿದರು. ವಿರೋಧಿಸಿದ ಸಾವಿರಕ್ಕೂ ಹೆಚ್ಚು ಜನ ಜೈಲು ಸೇರಿದರು. ನಟರಾಜನ್ ಮತ್ತು ತಾಳಮುತ್ತು 1939ರಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡರು; ಎಗ್ಮೋರಿನ ಸರ್ಕಾರಿ ಕಟ್ಟಡವೊಂದಕ್ಕೆ ಇವತ್ತು ಅವರಿಬ್ಬರ ಹೆಸರಿದೆ. 1940ರಲ್ಲಿ ಆದೇಶ ರದ್ದಾಯಿತು. 1950ರ ದಶಕ ಮುಗಿಯುವ ಹೊತ್ತಿಗೆ ರಾಜಾಜಿಯೇ ಹಿಂದಿ ಹೇರಿಕೆಯ ವಿರೋಧಿ!

ಅವಕಾಶವಾದ ಎಂದು ತಳ್ಳಿಹಾಕುವುದು ಸುಲಭ. ನನಗೆ ಕಾಣುವುದು ಬೇರೆ: ಅಧಿಕಾರ ತನ್ನ ಕೈಯಲ್ಲಿದ್ದಾಗ ಅದು ಲೋಕಹಿತ, ಇನ್ನೊಬ್ಬರ ಕೈಗೆ ಹೋದಾಗ ದಬ್ಬಾಳಿಕೆ. ವ್ಯಾಪಾರಿಗೆ ಪರ್ಮಿಟ್ ಕೊಡುವ ಕೈಯೇ ಮಗುವಿಗೆ ಭಾಷೆ ಗೊತ್ತುಮಾಡುವ ಕೈ ಎಂಬುದು ಅಷ್ಟು ದೊಡ್ಡ ಬುದ್ಧಿವಂತನಿಗೂ ತಡವಾಗಿ ಹೊಳೆಯಿತು.

ನಮಗೆ ಹೊಳೆದಿದೆಯೇ? ರಾಜಾಜಿ ಹುಟ್ಟಿದ ತೊರಪಳ್ಳಿ ಇರುವುದು ಹೊಸೂರಿನ ಬಳಿ, ಕನ್ನಡ ಮನೆಮಾತಿನವರ ಸೀಮೆಯಲ್ಲಿ. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ ಅಲ್ಲಿನ ಕನ್ನಡ ಮಕ್ಕಳಿಗೂ ತಮಿಳನ್ನು ಕಡ್ಡಾಯ ಮಾಡಿದಾಗ ನಾವು ಅದನ್ನು ಹೇರಿಕೆ ಎಂದೆವು. 2015ರಲ್ಲಿ ಕರ್ನಾಟಕ ಕನ್ನಡ ಕಲಿಕಾ ಕಾಯ್ದೆ ತಂದಾಗ ಚಪ್ಪಾಳೆ ತಟ್ಟಿದೆವು. ಹೊಸೂರಿನ ಕನ್ನಡ ಹುಡುಗಿಗೊಂದು ನ್ಯಾಯ, ಬೆಂಗಳೂರಿನ ತಮಿಳು ಹುಡುಗನಿಗೊಂದು ನ್ಯಾಯವೇ?

‘ಹಿಂದಿಯ ದಂಡಯಾತ್ರೆಯೂ ಕನ್ನಡದ ಆತ್ಮರಕ್ಷಣೆಯೂ ಒಂದೇ ಏನು?’ ಎಂದು ನೀವು ಕೇಳುತ್ತೀರಿ. ಒಂದೇ ಅಲ್ಲ. ಭಾಷೆಯನ್ನು ಮಾರುಕಟ್ಟೆಗೆ ಬಿಟ್ಟರೆ ಇಂಗ್ಲಿಷ್ ಒಂದೇ ಉಳಿಯುತ್ತದೆ ಎಂಬುದು ಕನ್ನಡದ ಅನುವಾದದಿಂದ ಹೊಟ್ಟೆ ಹೊರೆಯುವ ನನಗೆ ಚೆನ್ನಾಗಿ ಗೊತ್ತು. ಆದರೆ ಸರ್ಕಾರ ಮಾಡಬೇಕಾದದ್ದು ಒಳ್ಳೆಯ ಶಾಲೆ, ಮೇಷ್ಟ್ರು, ಪುಸ್ತಕ ಒದಗಿಸುವುದು. ಅದನ್ನು ಮಾಡಲಾಗದ ಸರ್ಕಾರಗಳೇ ಕಡ್ಡಾಯದ ಕಾಗದ ಹೊರಡಿಸುತ್ತವೆ. ಕಾಗದಕ್ಕೆ ಖರ್ಚಿಲ್ಲ, ಚಪ್ಪಾಳೆ ಪುಕ್ಕಟೆ.

ನಮ್ಮ ವಿರೋಧಿಯ ಕೈಗೆ ಕೊಡಲು ಹೆದರುವ ಅಧಿಕಾರವನ್ನು ನಮ್ಮವರ ಕೈಗೂ ಕೊಡಬಾರದು. ರಾಜಾಜಿಗೆ ಇದು ಅರ್ಥವಾಗಲು ಎರಡು ದಶಕ ಬೇಕಾಯಿತು. ಅವರ ತಪ್ಪು ಕಣ್ಣೆದುರಿಗೇ ಇರುವಾಗ ನಮಗೆ ಅಷ್ಟು ಕಾಲ ಬೇಕಿಲ್ಲ.