ಮನೆ ಕಟ್ಟಿದ್ರ ಮಾಫಿ, ಅಂಗಡಿ ಕಟ್ಟಿದ್ರ ತೆರಿಗೆ: ಇದ್ಯಾವ ನ್ಯಾಯ?

ಜತ್ತ ತಾಲೂಕಿನ ಗೆಳೆಯರೇ, ಸ್ವಲ್ಪ ಉದ್ದ ಇದೆ, ಆದ್ರೂ ಪೂರ್ತಿ ಓದ್ರಿ. ಇದು ನಮ್ಮ ಅಪ್ಪ, ಕಾಕಾ, ಮಾವಂದಿರ ಅಂಗಡಿ-ಗಿರಣಿಗಳ ಮಾತು.

ಬರದ ತಾಲೂಕು ನಮ್ಮದು. ಇಲ್ಲಿ ಹೊಲ ಮಾರಿದವರ ಸುದ್ದಿ ಎಲ್ಲರಿಗೂ ಗೊತ್ತು. ಆದರೆ ಸಂಖ, ಉಮದಿ, ಮಾಡಗ್ಯಾಳ, ಬಿಳೂರಿನಂಥ ಊರಲ್ಲಿ ಹಿಟ್ಟಿನ ಗಿರಣಿ ಮಾರಿದವರು, ಕಟ್ಟಿಗೆ ಅಡ್ಡೆ ಮುಚ್ಚಿದವರು, ಕಿರಾಣಿ ಅಂಗಡಿಯ ಜಾಗ ಕೊಟ್ಟು ವಿಜಯಪುರಕ್ಕೋ ಸಾಂಗ್ಲಿಗೋ ಹೋದವರು ಯಾರ ಲೆಕ್ಕಕ್ಕೂ ಬರೋದಿಲ್ಲ. ಅವರು ಲೆಕ್ಕಕ್ಕೆ ಬರೋದು ಒಂದೇ ಕಡೆ, ಆದಾಯ ತೆರಿಗೆ ಇಲಾಖೆಯಲ್ಲಿ. ಆಸ್ತಿ ಮಾರಿದ ಲಾಭಕ್ಕೆ ಹಾಕುವ ತೆರಿಗೆಗೆ ಕ್ಯಾಪಿಟಲ್ ಗೇನ್ಸ್ ಅಂತ ಹೆಸರು.

ಕಾನೂನು ಏನು ಹೇಳುತ್ತೆ ನೋಡ್ರಿ. ಅಂಗಡಿಯ ಜಾಗ ಮಾರಿ, ಬಂದ ಪೂರಾ ಹಣದಲ್ಲಿ ಮನೆ ತಗೊಂಡರೆ, ಷರತ್ತುಗಳು ಸರಿ ಇದ್ದರೆ ತೆರಿಗೆ ಇಲ್ಲ. 10 ಕೋಟಿಯ ಮನೆಗೂ ಈ ರಿಯಾಯಿತಿ ಉಂಟು. ಅದೇ ಹಣದಲ್ಲಿ ಮತ್ತೊಂದು ಅಂಗಡಿ ಹಾಕಿದರೆ? 10 ಲಕ್ಷದ ಅಂಗಡಿಯಾದರೂ ತೆರಿಗೆ ಕಟ್ಟಲೇಬೇಕು. ಹಣವನ್ನ ಸರ್ಕಾರಿ ಕಂಪನಿಗಳ ಬಾಂಡಿನಲ್ಲಿ 5 ವರ್ಷ ಇಟ್ಟರೆ 50 ಲಕ್ಷದ ತನಕ ವಿನಾಯಿತಿ. ಆದರೆ ಬಾಂಡಿನಲ್ಲಿ ಸಿಕ್ಕಿಬಿದ್ದ ಹಣದಿಂದ ಗಿರಣಿ ತಿರುಗುತ್ತದೇನು? ಊರಿಗೆ ಕೆಲಸ ಕೊಡೋದು ಮನೆಯೋ, ಅಂಗಡಿಯೋ? ದಿಲ್ಲಿಯವರಿಗೆ ಮನೆ ಕಾಣ್ತದ, ಅಂಗಡಿ ಕಾಣಲ್ಲ.

ಕಾರ್ಖಾನೆಗೆ ಬೇರೆ ದಾರಿ ಇದೆ. ನಗರ ಪ್ರದೇಶದ ಕಾರ್ಖಾನೆಯನ್ನ ನಗರದಾಚೆಗೆ ಸ್ಥಳಾಂತರಿಸಿದರೆ, ಹಳೇ ಜಾಗ, ಕಟ್ಟಡ, ಯಂತ್ರ ಮಾರಿದ ಲಾಭಕ್ಕೆ ವಿನಾಯಿತಿ ಕೊಡುವ ಕಲಮು 1961ರ ಕಾಯ್ದೆಯಲ್ಲೇ ಬಂತು. ನಮ್ಮ ಗಿರಣಿಯವ ನೀರಿಲ್ಲದೆ, ಗಿರಾಕಿಯಿಲ್ಲದೆ ಉಮದಿಯಿಂದ ವಿಜಯಪುರಕ್ಕೆ ಹೋದರೆ ಅಂಥ ಕಲಮು ಇಲ್ಲ. ಅವನೇನು ತಪ್ಪು ಮಾಡ್ಯಾನ?

ಈಗ ಒಂದು ಲೆಕ್ಕ. 2004-05ರಲ್ಲಿ 3 ಲಕ್ಷಕ್ಕೆ ತಗೊಂಡ ಕಟ್ಟಿಗೆ ಅಡ್ಡೆಯ ಜಾಗ 2025-26ರಲ್ಲಿ 15 ಲಕ್ಷಕ್ಕೆ ಹೋಯಿತು ಅಂತ ಇಟ್ಟುಕೊಳ್ಳಿ. ಸರ್ಕಾರದ್ದೇ ಬೆಲೆ ಸೂಚ್ಯಂಕ ಆಗ 113, ಈಗ 376. ಅಂದ್ರೆ ಅಂದಿನ 3 ಲಕ್ಷ ಇಂದಿನ ಸುಮಾರು 10 ಲಕ್ಷಕ್ಕೆ ಸಮ. ನಿಜವಾದ ಲಾಭ 5 ಲಕ್ಷ ಮಾತ್ರ. ಹಳೇ ಆಸ್ತಿಗೆ ಈ ಲೆಕ್ಕ ಹಿಡಿದು 20% ಕಟ್ಟಬಹುದು, ಸುಮಾರು 1 ಲಕ್ಷ. ಸೂಚ್ಯಂಕ ಬಿಟ್ಟರೆ 12 ಲಕ್ಷದ ಮೇಲೆ 12.5%, ಅಂದರೆ ಒಂದೂವರೆ ಲಕ್ಷ.

ಆದರೆ ತಮ್ಮಂದಿರೇ, 2024ರ ಜುಲೈ 23ರಿಂದ ಈಚೆಗೆ ಜಾಗ ತಗೊಂಡವರಿಗೆ ಆ ಆಯ್ಕೆಯೇ ಇಲ್ಲ. ಇವತ್ತು ಸಾಲ ಮಾಡಿ ಅಂಗಡಿಗೆ ಜಾಗ ಹಿಡಿಯುವ ನೀವು, 20 ವರ್ಷದ ನಂತರ ರೂಪಾಯಿ ಸವೆದದ್ದಕ್ಕೂ ತೆರಿಗೆ ಕಟ್ಟಬೇಕು. “12 ಲಕ್ಷದ ತನಕ ತೆರಿಗೆ ಇಲ್ಲ” ಅಂತ 2025ರ ಬಜೆಟ್‌ನಲ್ಲಿ ಡಂಗುರ ಹೊಡೆದರಲ್ಲ, ಆ ಮಾಫಿಯೂ ಈ ಗಳಿಕೆಗೆ ಇಲ್ಲ. ಷೇರು ಮಾರುವವನಿಗೆ ಮಾತ್ರ ವರ್ಷಕ್ಕೆ 1.25 ಲಕ್ಷದ ದೀರ್ಘಾವಧಿ ಲಾಭ ಮಾಫಿ. ಮೊಬೈಲ್‌ನಲ್ಲಿ ಷೇರು ಮಾರಿದವನಿಗೆ ಇರುವ ಮರ್ಯಾದೆ ತಕ್ಕಡಿ ಹಿಡಿದು ಕೂತವನಿಗೆ ಇಲ್ಲ.

ಯಂತ್ರದ ಕಥೆ ಇನ್ನೂ ವಿಚಿತ್ರ. ಸವಕಳಿ ಹಿಡಿದ ಯಂತ್ರವನ್ನ, ಕಟ್ಟಡವನ್ನ 20 ವರ್ಷ ದುಡಿಸಿ ಮಾರಿದರೂ ಆ ಲಾಭ ಕಾಯ್ದೆಯ ಕಣ್ಣಿಗೆ “ಅಲ್ಪಾವಧಿ”! ಇಪ್ಪತ್ತು ವರ್ಷ ಅಲ್ಪಾವಧಿ ಅನ್ನೋರು ಒಮ್ಮೆ ಬಂದು ನಮ್ಮ ಗಿರಣಿ ಧೂಳಿನಾಗ ಇಪ್ಪತ್ತು ದಿನ ನಿಲ್ಲಲಿ.

“ಸಣ್ಣ ವ್ಯಾಪಾರಿ ಎಲ್ಲಿ ತೆರಿಗೆ ಕಟ್ತಾನ? ಅರ್ಧ ನಗದಿನಲ್ಲೇ ಮುಗಿಸ್ತಾನ” ಅನ್ನೋರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ: ನೇರ ಬಾಗಿಲು ಮುಚ್ಚಿದವರು ಹಿಂಬಾಗಿಲ ಬಗ್ಗೆ ದೂರಬಾರದು. ಆದರೆ ನಮ್ಮವರಿಗೂ ಒಂದು ಮಾತು. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡರೆ, ತಗೊಂಡಷ್ಟೇ ದಂಡ ಬೀಳಬಹುದು. ಹಾಗಾಗಿ ಆ ಹಾದಿ ಬೇಡ.

ಹೊರದೇಶದವರು ಇದನ್ನ ಯೋಚಿಸಿದ್ದಾರೆ. ಆಸ್ಟ್ರೇಲಿಯಾದಲ್ಲಿ 15 ವರ್ಷ ಇಟ್ಟುಕೊಂಡ ವ್ಯಾಪಾರದ ಆಸ್ತಿಯನ್ನ ಸಣ್ಣ ವ್ಯಾಪಾರಿ 55 ದಾಟಿ ನಿವೃತ್ತಿಗಾಗಿ ಮಾರಿದರೆ ಪೂರ್ತಿ ಮಾಫಿ ಸಿಗಬಹುದು. ಮಾರಿ ಬೇರೆ ವ್ಯಾಪಾರದ ಆಸ್ತಿ ತಗೊಂಡರೆ ತೆರಿಗೆ ಮುಂದಕ್ಕೆ ಹೋಗುತ್ತದೆ. ಬ್ರಿಟನ್ನಿನಲ್ಲಿ ವ್ಯಾಪಾರ ಮಾರಿದವರಿಗೆ ಜೀವಮಾನದಲ್ಲಿ 10 ಲಕ್ಷ ಪೌಂಡ್ ಗಳಿಕೆ ತನಕ ಕಡಿಮೆ ದರ. ನಮ್ಮಲ್ಲಿ ಇಡೀ ಕಾಯ್ದೆಯನ್ನೇ ಹೊಸದಾಗಿ ಬರೆದರು. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಅಂದರು. ಕಲಮುಗಳ ನಂಬರು ಬದಲಾದವು, ಸಣ್ಣ ವ್ಯಾಪಾರಿಯ ಹಣೆಬರಹ ಬದಲಾಗಲಿಲ್ಲ.

ನಮ್ಮ ಬೇಡಿಕೆ ಸ್ಪಷ್ಟ. ಅಂಗಡಿ ಮಾರಿ ಅಂಗಡಿ ತಗೊಂಡರೆ, ಮನೆಗೆ ಕೊಟ್ಟ ರಿಯಾಯಿತಿಯನ್ನೇ ಕೊಡಿ. ವಯಸ್ಸಾಗಿ ವ್ಯಾಪಾರ ಮುಚ್ಚುವವನಿಗೆ ಜೀವಮಾನದಲ್ಲಿ ಒಂದು ಮಿತಿಯ ತನಕ ಮಾಫಿ ಕೊಡಿ. ಬಿಲ್ಡರುಗಳು ನುಸುಳದಂತೆ ವಹಿವಾಟಿಗೆ ಮಿತಿ ಹಾಕಿ, ಕನಿಷ್ಠ 10 ವರ್ಷ ತಾನೇ ನಡೆಸಿರಬೇಕು ಅಂತ ಷರತ್ತು ಹಾಕಿ, ನಮ್ಮ ತಕರಾರಿಲ್ಲ.

ಅಲ್ಲಿಯ ತನಕ ಖರೀದಿ ಪತ್ರಕ್ಕೆ ಸಹಿ ಹಾಕುವ ಮುನ್ನ ಇಷ್ಟು ತಿಳ್ಕೊಳ್ರಿ. ಬರಗಾಲದಲ್ಲಿ ಅಗ್ಗಕ್ಕೆ ಕೊಟ್ಟರೂ, ರೆಡಿ ರೆಕನರ್ ದರ ಮಾರಿದ ಬೆಲೆಗಿಂತ 10% ಮೀರಿ ಹೆಚ್ಚಿದ್ದರೆ ತೆರಿಗೆ ಆ ದರದ ಮೇಲೆ. ಅದು ಅನ್ಯಾಯ ಅನಿಸಿದರೆ ಇಲಾಖೆಯ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಬಾಂಡಿಗೆ 6 ತಿಂಗಳು ಮಾತ್ರ ಗಡುವು. ಸವಕಳಿ ಹಿಡಿದ ಕಟ್ಟಡವಾದರೂ ದೀರ್ಘಕಾಲ ಇಟ್ಟುಕೊಂಡಿದ್ದರೆ ಮರುಹೂಡಿಕೆಯ ವಿನಾಯಿತಿ ತಪ್ಪಿಸುವಂತಿಲ್ಲ ಅಂತ ಬಾಂಬೆ ಹೈಕೋರ್ಟ್ 2005ರಲ್ಲಿ, ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿವೆ.

ಮರಾಠಿ ದಸ್ತ, ಇಂಗ್ಲಿಷ್ ನೋಟಿಸಿನ ನಡುವೆ ನಮ್ಮ ಹಿರಿಯರು ಹೆಬ್ಬೆಟ್ಟು ಒತ್ತಿದ್ದು ಸಾಕು. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕನ್ನ ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಬಜೆಟ್‌ಗೆ ಮುಂಚೆ ಹಣಕಾಸು ಸಚಿವಾಲಯಕ್ಕೂ, ಸಾಂಗ್ಲಿಯ ಸಂಸದರಿಗೂ ಈ ಬೇಡಿಕೆ ಕನ್ನಡದಲ್ಲೇ ಬರೀರಿ. ಪ್ರತಿ ಊರಿನ ಗಿರಣಿಯವರ, ಅಂಗಡಿಯವರ ಸಹಿ ಹಾಕಿಸ್ರಿ. ಓದಿ ಕಲಿತ ನೀವು ಬರೀಲಿಲ್ಲ ಅಂದ್ರ ಯಾರು ಬರೀತಾರ?