ಹಗೆಗೆ ಪಹಣಿ ಇಲ್ಲ

ಕಳೆದ ವಾರ ‘ದಿ ಫೇಸ್ ಆಫ್ ದಿ ಫೇಸ್‌ಲೆಸ್’ ನೋಡಿದೆ. 2023ರಲ್ಲಿ ಬಂದ ಸಿನಿಮಾ, ಕೇರಳದ ಸಿಸ್ಟರ್ ರಾಣಿ ಮರಿಯಾ ಅವರ ನಿಜ ಕಥೆ. ಮಧ್ಯಪ್ರದೇಶದ ಹಳ್ಳಿಗಳಲ್ಲಿ ಬಡ್ಡಿ ಸಾಲಕ್ಕೆ ಸಿಕ್ಕಿಬಿದ್ದ ರೈತರ ಪರ ನಿಂತಿದ್ದರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುವಾಗ ಇರಿದು ಕೊಂದರು. ಕೊಂದ ಸಮಂದರ್ ಸಿಂಗ್ ಜೈಲು ಸೇರಿದ. ಆಮೇಲೆ ಅವರ ಸ್ವಂತ ತಂಗಿ ಸಿಸ್ಟರ್ ಸೆಲ್ಮಿ ಜೈಲಿಗೇ ಹೋಗಿ ಅವನಿಗೆ ರಾಖಿ ಕಟ್ಟಿದರು!

ನನಗೆ ನೆನಪಾಗಿದ್ದು ಹನೂರಿನ ಹತ್ತಿರ ಇರೋ ನಮ್ಮ ಹೊಲ. ಪಕ್ಕದವರು ಎರಡು ವರ್ಷದ ಹಿಂದೆ ಬದು ಒತ್ತಿದ್ದಾರೆ. ಭಾನುವಾರ ಒಂದೇ ಚರ್ಚಿನಲ್ಲಿ ಕೂತು ಕ್ಷಮೆಯ ಪ್ರಾರ್ಥನೆ ಹೇಳ್ತೀವಿ, ಹೊರಗೆ ಬಂದರೆ ಮುಖ ನೋಡಲ್ಲ. ಕ್ಷಮಿಸೋದು ಅಂದ್ರೆ ಜಮೀನು ಬಿಟ್ಟುಕೊಡೋದಾ? ಅವ್ವನನ್ನ ಕೇಳಿದೆ.

“ಜಮೀನು ಯಾಕ್ ಬುಡ್ಬೇಕು? ಸರ್ವೆ ಆಗ್ಲಿ. ಹಗೆ ಬುಡು ಮಗ, ಅದ್ಕೆ ಪಹಣಿ ಇಲ್ಲ” ಅಂದ್ಲು.

ಸರಿ ಅಲ್ವಾ? ರಾಖಿ ಕಟ್ಟಿದ ಮೇಲೂ ಸಮಂದರ್ ಸಿಂಗ್ ಜೈಲಲ್ಲೇ ಇದ್ದ, ಬಿಡುಗಡೆ ಆಗಿದ್ದು 2006ರಲ್ಲಿ. ನಮ್ಮ ಸರ್ವೆ ಅರ್ಜಿಯೂ ಹಾಗೇ ಇರುತ್ತೆ. ಆದರೆ ಈ ಕ್ರಿಸ್‌ಮಸ್‌ಗೆ ಕಜ್ಜಾಯದ ತಟ್ಟೆ ಆ ಮನೆಗೂ ಹೋಗುತ್ತೆ. ತಗೊಂಡು ಹೋಗಬೇಕಾದವನು ನಾನೇ. ಬಾಗಿಲು ತೆಗೀತಾರೋ ಇಲ್ವೋ, ನೋಡಬೇಕು.