ಶಿಬಿರದಲ್ಲಿ ಸಹಬಾಳ್ವೆ

1907ರ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಅವರು ಬಾಲಕರ ಶಿಬಿರವೊಂದನ್ನು ನಡೆಸಿದರು. ಸ್ಕೌಟ್ ಚಳವಳಿಗೆ ಮೂಲವಾದ ಆ ಶಿಬಿರದಲ್ಲಿ ಇದ್ದವರು ಸುಮಾರು 20 ಮಂದಿ. ಸಿರಿವಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಬೆರೆಸಿ ನಾಲ್ಕು ಗುಂಪುಗಳನ್ನು ಮಾಡಿ, ಪ್ರತಿಯೊಂದಕ್ಕೂ ಒಬ್ಬ ಬಾಲಕನನ್ನೇ ನಾಯಕನನ್ನಾಗಿ ನೇಮಿಸಲಾಯಿತು. ನಮ್ಮ ಸ್ಕೌಟ್ ಶಿಬಿರಗಳಲ್ಲಿಯೂ ಈ ಪದ್ಧತಿಯೇ ನಡೆದುಬಂದಿದೆ. ಹೊಣೆ ಹೊತ್ತವನು ಹೊಣೆಯನ್ನು ಕಲಿಯುತ್ತಾನೆಂಬುದು ನಿಜ. ಆದರೆ ಅಧಿಕಾರವು ಹಿರಿಯರ ಕೈಯಲ್ಲಿಯೇ ಕೆಡಬಲ್ಲದು. ಹದಿನಾಲ್ಕು ವರ್ಷದ ಹುಡುಗನ ಕೈಯಲ್ಲಿ ಕೆಡದೆಂದು ನಂಬುವುದೆಂತು?

ಶಾಲೆಯಲ್ಲಿ ಪೀಡೆಗೊಳಗಾದವನು ಸಂಜೆಯ ಗಂಟೆ ಬಾರಿಸಿದೊಡನೆ ಮನೆ ಸೇರಬಹುದು. ಶಿಬಿರದಲ್ಲಿ ಪೀಡಿಸುವವನೂ ಪೀಡಿತನೂ ಒಂದೇ ಗುಡಾರದಲ್ಲಿ ಮಲಗಬೇಕು. ಬೂಟುಗಳನ್ನು ಬಚ್ಚಿಡುವುದು, ಮನೆಯಿಂದ ತಂದ ಚಕ್ಕುಲಿಯ ಡಬ್ಬಿಯನ್ನು ಕಸಿದು ಬರಿದುಮಾಡುವುದು, ಕತ್ತಲೆಗೆ ಅಂಜುವವನನ್ನು ದೆವ್ವದ ಕಥೆ ಹೇಳಿ ನಡುಗಿಸುವುದು, ಮಸಿ ಹಿಡಿದ ಪಾತ್ರೆಗಳನ್ನು ದಿನವೂ ಒಬ್ಬನಿಂದಲೇ ತಿಕ್ಕಿಸುವುದು - ಬಿಡಿಬಿಡಿಯಾಗಿ ನೋಡಿದರೆ ಇವೆಲ್ಲ ಅಲ್ಪವೆಂದೇ ತೋರುತ್ತವೆ. ಬಾಲಕಿಯರ ಶಿಬಿರಗಳಲ್ಲಿ ಒಬ್ಬಳೊಡನೆ ಗುಂಪೆಲ್ಲವೂ ಮಾತು ಬಿಡುವುದುಂಟು. ಅದಕ್ಕೆ ಕಣ್ಣಿಗೆ ಕಾಣುವ ಗಾಯವೂ ಇರುವುದಿಲ್ಲ. ಕೇಳಿದರೆ ಬರುವ ಉತ್ತರ ಒಂದೇ: "ತಮಾಷೆಗೆ ಮಾಡಿದೆವು."

ತಮಾಷೆಗೂ ಪೀಡನೆಗೂ ಇರುವ ಭೇದವನ್ನು ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯುಸ್ ಅವರು 1970ರ ದಶಕದಿಂದ ಮೊದಲ್ಗೊಂಡು ಅಧ್ಯಯನ ಮಾಡಿದರು. ನೋಯಿಸುವ ಉದ್ದೇಶವಿದ್ದು, ಕೃತ್ಯವು ಮರುಕಳಿಸುತ್ತಿದ್ದು, ನೊಂದವನು ಎದುರಿಸಲು ಅಸಮರ್ಥನಾಗಿದ್ದರೆ ಅದು ಪೀಡನೆ. ಗೆಳೆಯರಿಬ್ಬರು ಪರಸ್ಪರ ಗೇಲಿ ಮಾಡಿಕೊಂಡು ನಗುವಾಗ ಇಬ್ಬರೂ ನಗುತ್ತಾರೆ. ಇಲ್ಲಿ ನಗುವವರು ಉಳಿದವರು ಮಾತ್ರ.

ಆ ಉಳಿದವರ ವಿಷಯವೇ ನನಗೆ ಮುಖ್ಯವೆನಿಸುತ್ತದೆ. ಗುಡಾರದಲ್ಲಿ ಏಳು ಮಂದಿ ಇದ್ದರೆ ಪೀಡಿಸುವವನು ಬಹುಮಟ್ಟಿಗೆ ಒಬ್ಬನೇ. ಇತರರು ನಗುತ್ತಾರೆ, ಇಲ್ಲವೆ ಮುಸುಕು ಹೊದ್ದು ಮಲಗುತ್ತಾರೆ. ಆ ನಗೆಯೇ ಅವನ ಕೂಲಿ. ಅದು ದೊರೆಯದಿದ್ದರೆ ಅವನ ಉತ್ಸಾಹ ಎರಡು ರಾತ್ರಿಗಳೂ ಬಾಳದು. ಫಿನ್ಲೆಂಡಿನ ಶಾಲೆಗಳು 'ಕಿವಾ' ಎಂಬ ಕಾರ್ಯಕ್ರಮದಲ್ಲಿ ನೋಡುತ್ತ ನಿಲ್ಲುವವರನ್ನು ತಿದ್ದುವುದಕ್ಕೇ ಹೆಚ್ಚಿನ ಗಮನ ಕೊಟ್ಟಿವೆ. ನಮ್ಮಲ್ಲಿಯಾದರೋ ಅಧ್ಯಾಪಕರಿಗೆ ತಿಳಿಸುವವನಿಗೆ 'ಚಾಡಿಕೋರ' ಎಂಬ ಹೆಸರು ಬರುತ್ತದೆ. ಇದು ಅನ್ಯಾಯ. ತನ್ನ ಲಾಭಕ್ಕಾಗಿ ಇನ್ನೊಬ್ಬನ ದೋಷವನ್ನು ಹೇಳುವುದು ಚಾಡಿ. ನೊಂದವನ ಪರವಾಗಿ ಹೇಳುವುದು ಸಾಕ್ಷಿ.

ಹಿರಿಯರ ಹೊಣೆಯೂ ಕಡಿಮೆಯದಲ್ಲ. ನೀರು ಹೊರುವ, ಪಾತ್ರೆ ತೊಳೆಯುವ ಸರದಿಯನ್ನು ಮೊದಲ ದಿನವೇ ಬರೆದು ಅಂಟಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ದೀಪವಾರಿದ ಬಳಿಕವೂ ಗುಡಾರಗಳ ನಡುವೆ ಒಬ್ಬರು ಸುತ್ತುತ್ತಿರಬೇಕು. ದೂರು ಬಂದಾಗ ನೊಂದವನನ್ನೇ ಬೇರೆ ಗುಡಾರಕ್ಕೆ ಕಳುಹಿಸುವುದು ಸುಲಭ. ಆದರೆ ಸ್ಥಳ ಬಿಡಬೇಕಾದವನು ಅವನಲ್ಲ. ಶಿಬಿರಾಗ್ನಿಯ ಮುಂದೆ ಇಬ್ಬರ ಕೈ ಕುಲುಕಿಸಿ ಚಪ್ಪಾಳೆ ತಟ್ಟಿಸುವುದೂ ಪರಿಹಾರವಲ್ಲ. ವಿದ್ಯಾರ್ಥಿಯ ಮಾನಕ್ಕೆ ಕುಂದು ತರುವ ಕೆಲಸವನ್ನು ಅವನಿಂದ ಬಲವಂತವಾಗಿ ಮಾಡಿಸುವುದನ್ನು, ಅದು ತಮಾಷೆಯ ಹೆಸರಿನಲ್ಲಿ ನಡೆದರೂ, 1983ರ ಕರ್ನಾಟಕ ಶಿಕ್ಷಣ ಕಾಯಿದೆಯು ಅಪರಾಧವೆಂದೇ ಎಣಿಸಿದೆ. ಹೇಳಿಕೊಳ್ಳಲು ಹತ್ತಿರದಲ್ಲಿ ಯಾರೂ ಇಲ್ಲದ ಮಕ್ಕಳಿಗೆ 1098 ಎಂಬ ಸಹಾಯವಾಣಿಯೂ ಇದೆ.

ಶಿಬಿರ ಮುಗಿದ ಮೇಲೆ ಬರೆಯುವ ವರದಿಯಲ್ಲಿ ಬಹುಮಾನಗಳ ಪಟ್ಟಿ ತಪ್ಪದೆ ಇರುತ್ತದೆ. ಮರುವರ್ಷ ಬರಲೊಲ್ಲೆನೆಂದವರು ಯಾರು, ಏಕೆ ಎಂಬುದನ್ನೂ ಅಧ್ಯಾಪಕರು ವಿಚಾರಿಸಿ ಅದರಲ್ಲಿ ಬರೆದಿಡಬೇಕು.